ಬಿಡುಗಡೆಯ ಮರುದಿನ



ಚರ್ಚ್ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ವಧು-ವರರ ಅನ್ವೇಷಣೆ, ಶ್ರದ್ಧಾಂಜಲಿ, ಸಂತರಿಗೆ ಸಲ್ಲಿಸುವ ಕೃತಜ್ಞತೆ ಮುಂತಾದ ಪ್ರಕಟಣೆಗಳನ್ನು ಓದುವುದು ನಮಗೆಲ್ಲ ರೂಢಿ. 1860ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಿಂದ ಹೊರಡುತ್ತಿದ್ದ 'ಕ್ರಿಶ್ಚಿಯನ್ ರೆಕಾರ್ಡರ್' ಎಂಬ ಪತ್ರಿಕೆಯಲ್ಲಿ ಬೇರೊಂದು ಬಗೆಯ ಪ್ರಕಟಣೆಗಳು ಬರುತ್ತಿದ್ದವು. ಅದು ಆಫ್ರಿಕನ್ ಮೂಲದ ಮೆಥೊಡಿಸ್ಟ್ ಕ್ರೈಸ್ತರ ಪತ್ರಿಕೆ. ಪ್ರಕಟಣೆ ಕೊಡುತ್ತಿದ್ದವರು ಆಗತಾನೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ತಾಯಂದಿರು, ಗಂಡಂದಿರು, ಮಕ್ಕಳು. ಮಾರಾಟವಾಗಿ ಹೋದ ತಮ್ಮವರನ್ನು ಅವರು ಹುಡುಕುತ್ತಿದ್ದರು.

ಮಗುವಿನ ಹೆಸರು, ಮಾರಿದಾಗ ಅದಕ್ಕಿದ್ದ ವಯಸ್ಸು, ಮಾರಿದ ಯಜಮಾನನ ಹೆಸರು, ಕೊಂಡ ವ್ಯಾಪಾರಿಯ ಹೆಸರು, ಕೊನೆಯ ಬಾರಿಗೆ ಕಂಡ ಊರು: ಇಷ್ಟೇ ವಿವರ. ಕೆಲವರು ತಮ್ಮವರನ್ನು ಕಂಡು ಇಪ್ಪತ್ತು, ಮೂವತ್ತು ವರ್ಷಗಳಾಗಿರುತ್ತಿದ್ದವು. ಸಭಾಪಾಲಕರು ಇದನ್ನು ದಯವಿಟ್ಟು ಪ್ರಾರ್ಥನೆಗೆ ಕೂಡಿದ ಜನರಿಗೆ ಓದಿ ಹೇಳಬೇಕು ಎಂಬ ಬಿನ್ನಹವೂ ಎಷ್ಟೋ ಸಲ ಜೊತೆಗಿರುತ್ತಿತ್ತು. ಯುದ್ಧ ಮುಗಿದು ಮೂರು ನಾಲ್ಕು ದಶಕಗಳು ಕಳೆದರೂ ಇಂಥ ಪ್ರಕಟಣೆಗಳು ನಿಲ್ಲಲಿಲ್ಲ. ಹುಡುಕಿದವರಲ್ಲಿ ತಮ್ಮವರನ್ನು ಮತ್ತೆ ಕಂಡವರು ಕೆಲವರೇ.

ಗುಲಾಮಗಿರಿ ಕಾನೂನಿನ ಪ್ರಕಾರ 1865ರಲ್ಲಿ ಕೊನೆಗೊಂಡಿತು. ಆದರೆ ಅದು ಒಡೆದ ಕುಟುಂಬ ಅದರೊಂದಿಗೆ ಕೂಡಿಕೊಳ್ಳಲಿಲ್ಲ. ಕೆಡುಕನ್ನು ನಿಲ್ಲಿಸುವುದು ಬೇರೆ. ಕೆಡುಕು ಕೆಡಿಸಿದ್ದನ್ನು ಸರಿಪಡಿಸುವುದು ಬೇರೆ. ಮೊದಲನೆಯದಕ್ಕೆ ಅಮೆರಿಕ ಲಕ್ಷಾಂತರ ಜನರ ರಕ್ತವನ್ನು ತೆತ್ತಿತು. ಎರಡನೆಯದನ್ನು ಹನ್ನೆರಡು ವರ್ಷ ಪ್ರಯತ್ನಿಸಿ, ದಣಿದು, ಕೈಬಿಟ್ಟಿತು. ಆ ಕಥೆಯನ್ನು ಈ ವಾರ ಸ್ವಲ್ಪ ನಿಧಾನವಾಗಿ ನೋಡೋಣ.

ಕೆಡುಕಿನ ಬೇರು

1619ರಲ್ಲಿ ವರ್ಜೀನಿಯಾದ ಕರಾವಳಿಗೆ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಆಫ್ರಿಕನ್ನರು ಬಂದಿಳಿದರು. ಅಂಗೋಲಾದಿಂದ ಪೋರ್ಚುಗೀಸ್ ಹಡಗೊಂದು ಸಾಗಿಸುತ್ತಿದ್ದ ಬಂಧಿಗಳನ್ನು ಇಂಗ್ಲಿಷ್ ಹಡಗಿನವರು ನಡುಗಡಲಿನಲ್ಲಿ ದೋಚಿ ತಂದು ಅಲ್ಲಿ ಮಾರಿದ್ದರು. 1662ರಲ್ಲಿ ಅದೇ ವರ್ಜೀನಿಯಾ ಒಂದು ಕಾನೂನು ಮಾಡಿತು: ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದು. ಅಂದರೆ ತಾಯಿ ಗುಲಾಮಳಾದರೆ ತಂದೆ ಯಾರೇ ಆಗಿರಲಿ, ಯಜಮಾನನೇ ಆಗಿರಲಿ, ಮಗು ಗುಲಾಮ. ತಂದೆ ತನ್ನ ಮಗುವನ್ನೇ ಮಾರಲು ಅಡ್ಡಿಯಿಲ್ಲದ ಕಾನೂನು ಇದು.

1776ರಲ್ಲಿ ಎಲ್ಲ ಮಾನವರೂ ಸಮಾನರಾಗಿ ಸೃಷ್ಟಿಯಾದವರೆಂದು ಸಾರಿದ ದೇಶ 1787ರ ತನ್ನ ಸಂವಿಧಾನದಲ್ಲಿ 'ಗುಲಾಮ' ಎಂಬ ಪದವನ್ನೇ ಬಳಸದೆ ಗುಲಾಮಗಿರಿಗೆ ರಕ್ಷಣೆ ಕೊಟ್ಟಿತು. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಿತು. ನಾಚಿಕೆ ಇದ್ದ ಕಡೆ ಮಾತ್ರ ಮನುಷ್ಯನು ಹೆಸರು ಮರೆಮಾಚುತ್ತಾನಲ್ಲವೇ?

1793ರಲ್ಲಿ ಹತ್ತಿಯ ಬೀಜ ಬಿಡಿಸುವ ಯಂತ್ರ ಬಂದ ಮೇಲೆ ದಕ್ಷಿಣದ ರಾಜ್ಯಗಳ ಬದುಕೆಲ್ಲ ಹತ್ತಿಯ ಸುತ್ತ ತಿರುಗತೊಡಗಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ ಸುಮಾರು 40 ಲಕ್ಷವಾಯಿತು. ಹೊರದೇಶದಿಂದ ಗುಲಾಮರನ್ನು ತರುವುದು 1808ರಲ್ಲೇ ನಿಷೇಧವಾಗಿತ್ತು. ಆದ್ದರಿಂದ ಹಳೆಯ ರಾಜ್ಯಗಳಾದ ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ಹೊಸ ಹತ್ತಿ ಸೀಮೆಗಳಿಗೆ ಜನರನ್ನು ಮಾರುವ ಒಳನಾಡು ವ್ಯಾಪಾರ ಬೆಳೆಯಿತು. ಯುದ್ಧಕ್ಕೆ ಮುನ್ನ ಹೀಗೆ ಸುಮಾರು ಹತ್ತು ಲಕ್ಷ ಜನ ತಮ್ಮ ನೆಲೆಯಿಂದ ಕಿತ್ತು ಸಾಗಿಸಲ್ಪಟ್ಟರು. ಗುಲಾಮರ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ಯಜಮಾನ ಸತ್ತರೆ, ಸಾಲ ಮಾಡಿದರೆ, ಗಂಡ ಒಂದು ಕಡೆಗೆ, ಹೆಂಡತಿ ಇನ್ನೊಂದು ಕಡೆಗೆ, ಮಗು ಮತ್ತೊಂದು ಕಡೆಗೆ. ಆರಂಭದಲ್ಲಿ ಹೇಳಿದ ಪ್ರಕಟಣೆಗಳ ಹಿಂದೆ ಇದ್ದದ್ದು ಈ ಸಂತೆ.

ಒಂದೇ ಬೈಬಲ್, ಎರಡು ಸೈನ್ಯ

ಗುಲಾಮಗಿರಿಯು ಹೊಸ ಪ್ರಾಂತ್ಯಗಳಿಗೆ ಹರಡಬಾರದೆಂದು ಹೇಳುತ್ತಿದ್ದ ಅಬ್ರಹಾಂ ಲಿಂಕನ್ 1860ರ ನವೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಡಿಸೆಂಬರ್ 20ರಂದು ಸೌತ್ ಕೆರೊಲಿನಾ ರಾಜ್ಯ ಒಕ್ಕೂಟದಿಂದ ಹೊರನಡೆಯಿತು. ಮುಂದಿನ ಕೆಲವೇ ತಿಂಗಳುಗಳಲ್ಲಿ ಒಟ್ಟು ಹನ್ನೊಂದು ರಾಜ್ಯಗಳು ಸೇರಿ ಬೇರೆ ದೇಶವನ್ನೇ ಘೋಷಿಸಿದವು. ಅದು ರಾಜ್ಯಗಳ ಹಕ್ಕಿನ ಯುದ್ಧ, ಸುಂಕದ ಯುದ್ಧ ಎಂದು ಮುಂದೆ ಅನೇಕರು ವಾದಿಸಿದರು. ಆದರೆ ಮಿಸಿಸಿಪ್ಪಿ ರಾಜ್ಯವು ತಾನು ಹೊರನಡೆಯಲು ಕಾರಣ ಗುಲಾಮಗಿರಿಯ ರಕ್ಷಣೆಯೇ ಎಂದು ತನ್ನ ಘೋಷಣೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿತು. ಹೊಸ ದೇಶದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಮಾಡಿದ ಭಾಷಣದಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ತಮ್ಮ ಸರ್ಕಾರದ ಮೂಲೆಗಲ್ಲು ಎಂದರು. ಮೂಲೆಗಲ್ಲು ಎಂಬ ಪದವನ್ನು ಶುಭಸಂದೇಶದಿಂದ ಬಲ್ಲ ನಮಗೆ ಈ ಮಾತು ಎಷ್ಟು ಭಯಂಕರವೆಂದು ಬಿಡಿಸಿ ಹೇಳಬೇಕಾಗಿಲ್ಲ.

1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ನಾಲ್ಕು ವರ್ಷಗಳ ಯುದ್ಧದಲ್ಲಿ ಕಡಿಮೆಯೆಂದರೂ 6 ಲಕ್ಷ 20 ಸಾವಿರ ಸೈನಿಕರು ಸತ್ತರು. ಈಚಿನ ಸಂಶೋಧಕರು ಈ ಸಂಖ್ಯೆಯನ್ನು 7 ಲಕ್ಷದ ಆಸುಪಾಸಿಗೂ ಅದರಾಚೆಗೂ ಏರಿಸಿದ್ದಾರೆ. ಗುಂಡಿನಿಂದ ಸತ್ತವರಿಗಿಂತ ಭೇದಿ, ವಿಷಮಶೀತ ಜ್ವರಗಳಿಂದ ಸತ್ತವರೇ ಹೆಚ್ಚು. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್ ಹೊಳೆಯ ಬಳಿ ಒಂದೇ ದಿನದಲ್ಲಿ ಸುಮಾರು 23 ಸಾವಿರ ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು.

ಈ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಾಕಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜದಿಂದ ಅಲ್ಲಿ ಬೆಳೆಯುತ್ತಿದ್ದ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂದೇ ಹೆಸರಿತ್ತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ದೂರದ ಒಂದು ಅನ್ಯಾಯದ ಲಾಭ-ನಷ್ಟದ ಲೆಕ್ಕದಲ್ಲಿ ನಮ್ಮ ರೈತನ ಹೊಲವೂ ಸೇರಿತ್ತು.

ಆರಂಭದಲ್ಲಿ ಲಿಂಕನ್ನರ ಗುರಿ ಒಕ್ಕೂಟವನ್ನು ಉಳಿಸುವುದಷ್ಟೇ ಆಗಿತ್ತು. ಆದರೆ ಗುಲಾಮರು ಅವರಿಗಾಗಿ ಕಾಯಲಿಲ್ಲ. ಉತ್ತರದ ಸೇನೆ ಹತ್ತಿರ ಬಂದಲ್ಲೆಲ್ಲ ಸಾವಿರಾರು ಮಂದಿ ತೋಟಗಳನ್ನು ಬಿಟ್ಟು ಸೇನೆಯ ಬಿಡಾರಗಳತ್ತ ನಡೆದರು. 1863ರ ಜನವರಿ 1ರಂದು ಲಿಂಕನ್ ದಂಗೆಯೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರೆಂದು ಸಾರಿದರು. ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನರು ಉತ್ತರದ ಭೂಸೇನೆ ಸೇರಿ ಹೋರಾಡಿದರು. ಬಿಡುಗಡೆ ಯಾರೋ ಕೊಟ್ಟ ಭಿಕ್ಷೆಯಲ್ಲ. ಅವರೂ ದುಡಿದು, ಮಡಿದು ಪಡೆದದ್ದು.

1865ರ ಮಾರ್ಚ್ 4ರಂದು ಎರಡನೆಯ ಬಾರಿಗೆ ಅಧಿಕಾರ ವಹಿಸುವಾಗ ಲಿಂಕನ್ ಮಾಡಿದ ಚಿಕ್ಕ ಭಾಷಣ ಒಂದು ಪ್ರಬೋಧನೆಯಂತಿದೆ. ಎರಡೂ ಕಡೆಯವರು ಓದುವುದು ಒಂದೇ ಬೈಬಲನ್ನು, ಪ್ರಾರ್ಥಿಸುವುದು ಒಬ್ಬನೇ ದೇವರನ್ನು ಎಂದು ಅವರು ನೆನಪಿಸಿದರು. ಪಾಪವನ್ನು ದಕ್ಷಿಣದ ತಲೆಗೆ ಮಾತ್ರ ಕಟ್ಟದೆ ಇಡೀ ದೇಶದ್ದೆಂದು ಒಪ್ಪಿಕೊಂಡರು. ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದರು. ಐದು ದಿನಗಳ ನಂತರ, ಶುಭ ಶುಕ್ರವಾರದ ರಾತ್ರಿ, ಲಿಂಕನ್ ಗುಂಡೇಟಿಗೆ ಬಿದ್ದು ಮರುದಿನ ಬೆಳಿಗ್ಗೆ ಪ್ರಾಣಬಿಟ್ಟರು. ಅದೇ ವರ್ಷದ ಡಿಸೆಂಬರ್ 6ರಂದು ಸಂವಿಧಾನದ 13ನೆಯ ತಿದ್ದುಪಡಿ ಅಂಗೀಕಾರವಾಗಿ ಗುಲಾಮಗಿರಿ ದೇಶದಾದ್ಯಂತ ರದ್ದಾಯಿತು.

ನಮ್ಮ ಧರ್ಮಸಭೆ ಎಲ್ಲಿತ್ತು?

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ.

1839ರ ಡಿಸೆಂಬರ್ 3ರಂದು ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು. ಆದರೆ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ನಿನ ಧರ್ಮಾಧ್ಯಕ್ಷ ಜಾನ್ ಇಂಗ್ಲೆಂಡ್, ಈ ಖಂಡನೆ ಸಮುದ್ರದಾಚೆಯಿಂದ ಗುಲಾಮರನ್ನು ತರುವ ವ್ಯಾಪಾರಕ್ಕೆ ಅನ್ವಯಿಸುತ್ತದೆಯೇ ಹೊರತು ಅಮೆರಿಕದ ಮನೆ-ತೋಟಗಳಲ್ಲಿರುವ ಗುಲಾಮಗಿರಿಗಲ್ಲ ಎಂದು ಸರಣಿ ಪತ್ರಗಳಲ್ಲಿ ವಾದಿಸಿದರು. ಬಡ ವಲಸೆಗಾರರ ಸಭೆಗೆ ಬಲಾಢ್ಯರ ಕೋಪ ತಟ್ಟದಿರಲಿ ಎಂಬ ಭಯ ಅದರ ಹಿಂದಿತ್ತು. ಭಯ ನಿಜವಾದದ್ದೇ. ಆದರೆ ಭಯ ಬರೆಸಿದ ಧರ್ಮಶಾಸ್ತ್ರ ಸತ್ಯವಾಗುವುದಿಲ್ಲ.

ಆ ಪತ್ರಕ್ಕೆ ಒಂದು ವರ್ಷ ಮೊದಲು, 1838ರಲ್ಲಿ, ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ತೋಟಗಳಲ್ಲಿದ್ದ 272 ಮಂದಿ ಗುಲಾಮರನ್ನು 1,15,000 ಡಾಲರಿಗೆ ಲೂಸಿಯಾನಾದ ತೋಟದ ಒಡೆಯರಿಗೆ ಮಾರುವ ಒಪ್ಪಂದ ಮಾಡಿದರು. ಬಂದ ಹಣದಲ್ಲಿ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಕುಟುಂಬಗಳನ್ನು ಬೇರ್ಪಡಿಸಬಾರದು, ಅವರ ಧರ್ಮಾಚರಣೆಗೆ ಅವಕಾಶವಿರಬೇಕು ಎಂಬ ಷರತ್ತುಗಳಿದ್ದವು. ಅವು ಪಾಲನೆಯಾಗಲಿಲ್ಲ. ಮಾರಾಟವಾದವರು ಕಥೋಲಿಕರು, ಮಾರಿದ ಕೈಗಳಿಂದಲೇ ಪರಮಪ್ರಸಾದ ಸ್ವೀಕರಿಸಿದ್ದವರು.

1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ, ಕಪ್ಪು ಮನುಷ್ಯನು ಅಮೆರಿಕದ ಪ್ರಜೆಯಾಗಲಾರ ಎಂದು ತೀರ್ಪು ಬರೆದ ಮುಖ್ಯ ನ್ಯಾಯಾಧೀಶ ರೋಜರ್ ಟೇನಿ ಆ ಸ್ಥಾನಕ್ಕೇರಿದ ಮೊದಲ ಕಥೋಲಿಕರು. ವಿಚಿತ್ರವೆಂದರೆ ಅವರು ತಮ್ಮ ಸ್ವಂತ ಗುಲಾಮರನ್ನು ಎಷ್ಟೋ ವರ್ಷ ಹಿಂದೆಯೇ ಬಿಡುಗಡೆ ಮಾಡಿದ್ದರು. ಮನೆಯಲ್ಲಿ ತೋರಿದ ದಯೆಯನ್ನು ನ್ಯಾಯಪೀಠದಲ್ಲಿ ನ್ಯಾಯವಾಗಿಸಲು ಅವರಿಂದ ಆಗಲಿಲ್ಲ. 1863ರ ಜುಲೈನಲ್ಲಿ ಕಡ್ಡಾಯ ಸೈನ್ಯ ಭರ್ತಿಯ ವಿರುದ್ಧ ನ್ಯೂಯಾರ್ಕಿನಲ್ಲಿ ದಂಗೆಯೆದ್ದವರಲ್ಲಿ ಅನೇಕರು ಐರಿಷ್ ಕಥೋಲಿಕ ಬಡವರು. ಅವರ ಸಿಟ್ಟು ಕಪ್ಪು ಮಕ್ಕಳ ಅನಾಥಾಲಯವನ್ನೇ ಸುಟ್ಟುಹಾಕಿತು.

ಬೆಳಕು ಇರಲೇ ಇಲ್ಲವೆಂದಲ್ಲ. ಸಿನ್ಸಿನಾಟಿಯ ಮಹಾಧರ್ಮಾಧ್ಯಕ್ಷ ಜಾನ್ ಪರ್ಸೆಲ್ ಮತ್ತು ಅವರ ತಮ್ಮ ಎಡ್ವರ್ಡ್ ಸ್ವಾಮಿಗಳು ತಮ್ಮ ಧರ್ಮಪ್ರಾಂತ್ಯದ 'ಕ್ಯಾಥೊಲಿಕ್ ಟೆಲಿಗ್ರಾಫ್' ಪತ್ರಿಕೆಯ ಮೂಲಕ 1863ರಲ್ಲಿ ಗುಲಾಮರ ಬಿಡುಗಡೆಯ ಪರ ಬಹಿರಂಗವಾಗಿ ನಿಂತರು. ಆರುನೂರಕ್ಕೂ ಹೆಚ್ಚು ಕನ್ಯಾಸ್ತ್ರೀಯರು ಎರಡೂ ಕಡೆಯ ಗಾಯಾಳುಗಳ ಹುಣ್ಣು ತೊಳೆದರು. ಈ ಬೆಳಕಿಗಾಗಿ ದೇವರಿಗೆ ಸ್ತೋತ್ರ. ಆದರೆ ದೀಪ ಹಚ್ಚಿದವರು ಕೆಲವರೇ ಎಂಬುದನ್ನೂ ಮರೆಯಬಾರದು.

ಕಟ್ಟಿದ ವರ್ಷಗಳು

ಯುದ್ಧಾನಂತರದ ಕಾಲವನ್ನು ಚರಿತ್ರೆಕಾರರು 'ಪುನರ್ನಿರ್ಮಾಣ' ಎಂದು ಕರೆಯುತ್ತಾರೆ. 1865ರಿಂದ 1877ರವರೆಗಿನ ಹನ್ನೆರಡು ವರ್ಷಗಳು. ಬಿಡುಗಡೆ ಹೊಂದಿದವರು ಮೊದಲು ಮಾಡಿದ್ದು ಏನು ಗೊತ್ತೇ? ಮದುವೆ. ವರ್ಷಗಟ್ಟಲೆ ಜೊತೆಗೆ ಬಾಳಿ, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದ ದಂಪತಿಗಳು ಕಚೇರಿಗಳ ಮುಂದೆ, ಸೇನೆಯ ಗುರುಗಳ ಮುಂದೆ ಸಾಲುಗಟ್ಟಿ ನಿಂತು ತಮ್ಮ ವಿವಾಹವನ್ನು ದಾಖಲಿಸಿದರು. ಇನ್ನು ಯಾರೂ ತಮ್ಮನ್ನು ಬೇರ್ಪಡಿಸಲಾಗದು ಎಂಬ ಒಂದು ಕಾಗದಕ್ಕಾಗಿ ಮುದುಕರು ಮೈಲಿಗಟ್ಟಲೆ ನಡೆದರು. ಮದುವೆಯ ದಾಖಲೆ ನಮಗೆ ಒಂದು ಸಾಮಾನ್ಯ ಕಾಗದ. ಅವರಿಗೆ ಅದೇ ಬಿಡುಗಡೆಯ ಪತ್ರ.

ಎರಡನೆಯದು ಶಾಲೆ. ಗುಲಾಮರಿಗೆ ಓದು ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಈಗ ಅಜ್ಜಂದಿರು ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತರು. ಬೈಬಲನ್ನು ತಾವೇ ಓದಬೇಕೆಂಬುದು ಅವರಲ್ಲಿ ಅನೇಕರ ಆಸೆ. 1870ರಲ್ಲಿ ಕಪ್ಪು ಜನರಲ್ಲಿ ನೂರಕ್ಕೆ 80 ಮಂದಿ ಅನಕ್ಷರಸ್ಥರು. 1900ರ ಹೊತ್ತಿಗೆ ಅದು ನೂರಕ್ಕೆ 45ಕ್ಕೆ ಇಳಿದಿತ್ತು.

ಮೂರನೆಯದು ಮತ. 1868ರ 14ನೆಯ ತಿದ್ದುಪಡಿ ಅವರಿಗೆ ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 1870ರ 15ನೆಯ ತಿದ್ದುಪಡಿ ವರ್ಣದ ಕಾರಣದಿಂದ ಮತದ ಹಕ್ಕನ್ನು ನಿರಾಕರಿಸಬಾರದೆಂದಿತು. ಹೆಂಗಸರು ಮಾತ್ರ ಇನ್ನೂ ಹೊರಗೇ ಉಳಿದರು. ಈ ಅವಧಿಯಲ್ಲಿ ಸುಮಾರು ಎರಡು ಸಾವಿರ ಕಪ್ಪು ಜನರು ಬಗೆಬಗೆಯ ಸಾರ್ವಜನಿಕ ಹುದ್ದೆಗಳನ್ನು ವಹಿಸಿದರು. 1862ರಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ಶತ್ರುಗಳ ಹಡಗನ್ನೇ ಅಪಹರಿಸಿ ಹೆಂಡತಿ ಮಕ್ಕಳೊಡನೆ ಪಾರಾದ ಗುಲಾಮ ರಾಬರ್ಟ್ ಸ್ಮಾಲ್ಸ್ ಮುಂದೆ ದೇಶದ ಸಂಸತ್ತಿನ ಸದಸ್ಯನಾದ. ತಾನು ಗುಲಾಮನಾಗಿದ್ದ ಮನೆಯನ್ನೇ ಕೊಂಡುಕೊಂಡ. ಇವರು ಪಾಲುಗೊಂಡ ಶಾಸನಸಭೆಗಳೇ ದಕ್ಷಿಣದಲ್ಲಿ ಎಲ್ಲರಿಗೂ, ಬಡ ಬಿಳಿಯರ ಮಕ್ಕಳಿಗೂ, ಸರ್ಕಾರಿ ಶಾಲೆಗಳ ವ್ಯವಸ್ಥೆಗೆ ಬುನಾದಿ ಹಾಕಿದವು.

ಎಡಿಸ್ಟೊ ದ್ವೀಪದ ಚರ್ಚಿನಲ್ಲಿ

ಆದರೆ ನಾಲ್ಕನೆಯದೊಂದಿತ್ತು: ನೆಲ. ಅಲ್ಲಿಯೇ ಪುನರ್ನಿರ್ಮಾಣ ಎಡವಿದ್ದು.

1865ರ ಜನವರಿ 12ರಂದು ಜಾರ್ಜಿಯಾದ ಸವಾನಾ ನಗರದಲ್ಲಿ ಸೇನಾಪತಿ ಶರ್ಮನ್ ಇಪ್ಪತ್ತು ಮಂದಿ ಕಪ್ಪು ಧರ್ಮಬೋಧಕರನ್ನು ಕರೆಸಿ, ನಿಮ್ಮ ಜನರಿಗೆ ಏನು ಬೇಕೆಂದು ಕೇಳಿಸಿದರು. ಅವರ ಪರವಾಗಿ ಮಾತನಾಡಿದವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ಸಾವಿರ ಡಾಲರ್ ಕೂಡಿಸಿ ತನ್ನ ಮತ್ತು ಹೆಂಡತಿಯ ಬಿಡುಗಡೆಯನ್ನು ಕೊಂಡುಕೊಂಡಿದ್ದ ಹಿರಿಯ. ನಮಗೆ ನೆಲ ಕೊಡಿ, ನಮ್ಮ ದುಡಿಮೆಯಿಂದ ನಾವೇ ಬದುಕುತ್ತೇವೆ ಎಂಬುದು ಅವರ ಉತ್ತರದ ಸಾರ. ನಾಲ್ಕು ದಿನಗಳಲ್ಲಿ ಶರ್ಮನ್ ಆಜ್ಞೆ ಹೊರಡಿಸಿ, ಕರಾವಳಿಯ ದ್ವೀಪಗಳಲ್ಲಿ ಒಡೆಯರು ಬಿಟ್ಟೋಡಿದ್ದ ಜಮೀನನ್ನು ಕುಟುಂಬಕ್ಕೆ 40 ಎಕರೆಗೆ ಮೀರದಂತೆ ಹಂಚಲು ಏರ್ಪಾಡು ಮಾಡಿದರು. ಸುಮಾರು 40 ಸಾವಿರ ಜನ ಅಲ್ಲಿ ನೆಲೆಸಿ ಉತ್ತು ಬಿತ್ತಿದರು.

ಲಿಂಕನ್ನರ ನಂತರ ಅಧ್ಯಕ್ಷರಾದ ಆಂಡ್ರೂ ಜಾನ್ಸನ್ ಹಳೆಯ ಒಡೆಯರಿಗೆ ಧಾರಾಳವಾಗಿ ಕ್ಷಮೆ ಕೊಟ್ಟರು. ಕ್ಷಮೆಯೊಂದಿಗೆ ಜಮೀನನ್ನೂ ಮರಳಿಸಿದರು. ಈ ಸುದ್ದಿಯನ್ನು ಜನರಿಗೆ ತಿಳಿಸುವ ಕೆಲಸ ಬಂದದ್ದು ವಿಮೋಚಿತರ ಕಲ್ಯಾಣ ಇಲಾಖೆಯ ಮುಖ್ಯಸ್ಥ ಆಲಿವರ್ ಹೋವರ್ಡ್ ಅವರ ಪಾಲಿಗೆ. ಅವರು ದೈವಭಕ್ತ ಮನುಷ್ಯ. ಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1865ರ ಅಕ್ಟೋಬರ್‌ನಲ್ಲಿ ಸೌತ್ ಕೆರೊಲಿನಾದ ಎಡಿಸ್ಟೊ ದ್ವೀಪದ ಚರ್ಚಿನಲ್ಲಿ ಜನರನ್ನು ಕೂಡಿಸಿ, ನೆಲ ನಿಮ್ಮದಲ್ಲ, ಹಳೆಯ ಒಡೆಯರನ್ನು ಕ್ಷಮಿಸಿ ಅವರೊಡನೆ ಕೂಲಿ ಒಪ್ಪಂದ ಮಾಡಿಕೊಳ್ಳಿ ಎಂದು ಹೇಳಬೇಕಾಯಿತು.

ಆ ಜನರು ತಮ್ಮಲ್ಲಿ ಮೂವರ ಸಮಿತಿ ಮಾಡಿಕೊಂಡು ಹೋವರ್ಡ್‌ಗೆ ಪತ್ರ ಬರೆದರು. ಅದರ ತಾತ್ಪರ್ಯ ಹೀಗಿದೆ: ತಾವು ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡವರು, ತಾವು ಕ್ಷಮಿಸಬಹುದು. ಆದರೆ ನನ್ನನ್ನು ಮರಕ್ಕೆ ಕಟ್ಟಿ ಮೂವತ್ತೊಂಬತ್ತು ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಥಳಿಸಿದವನು ಈಗಲೂ ತಾನು ಹೇಳಿದ ಕೂಲಿಗೆ ದುಡಿಯದಿದ್ದರೆ ಖಾಲಿ ಗುಡಿಸಲಲ್ಲಿ ಇರಲೂ ಬಿಡುವುದಿಲ್ಲ. ನನಗೆ ನೆಲ ಸಿಗದಂತೆ ಇತರರೊಡನೆ ಸೇರಿ ತಡೆಯುತ್ತಾನೆ. ಅಂಥವನನ್ನು ನಾನು ಹೇಗೆ ಕ್ಷಮಿಸಲಿ?

ಮೂವತ್ತೊಂಬತ್ತು ಏಟು! ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ತಾವು ಐದು ಸಲ ತಿಂದೆನೆಂದು ಹೇಳಿಕೊಂಡ ಅದೇ ಎಣಿಕೆ.

ಈ ಪತ್ರವನ್ನು ಓದಿದಾಗಲೆಲ್ಲ ಪಾಪನಿವೇದನೆಯ ಪೀಠದಲ್ಲಿ ಕೂರುವ ನನ್ನಂಥವನಿಗೆ ಎದೆ ಭಾರವಾಗುತ್ತದೆ. 'ಕ್ಷಮಿಸಿಬಿಡಿ' ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಈ ಜನರು ಕ್ಷಮೆಯನ್ನು ತಿರಸ್ಕರಿಸಿದರೆಂದು ನಾನು ತಿಳಿಯುವುದಿಲ್ಲ. ಅವರು ಕೇಳಿದ್ದು ಒಂದೇ: ಹಳೆಯ ಗಾಯಕ್ಕೆ ಕ್ಷಮೆ ಕೇಳುವ ಕೈ ಇನ್ನೂ ಹೊಡೆಯುತ್ತಲೇ ಇದ್ದರೆ, ಕಿತ್ತುಕೊಂಡದ್ದನ್ನು ಹಿಡಿದುಕೊಂಡೇ ಇದ್ದರೆ, ಅದನ್ನು ರಾಜಿ ಎನ್ನಬಹುದೇ?

ಕೆಡವಿದ ವರ್ಷಗಳು

ನೆಲವಿಲ್ಲದ ಸ್ವಾತಂತ್ರ್ಯ ಹೇಗಿರುತ್ತದೆ ಎಂಬುದು ಬೇಗನೆ ತಿಳಿಯಿತು. ಪಾಲಿಗೆ ಉಳುಮೆ ಮಾಡುವ ಪದ್ಧತಿ ಬಂತು. ಬೀಜ, ಹೇಸರಗತ್ತೆ, ದಿನಸಿ ಎಲ್ಲವೂ ಸಾಲ. ಬೆಳೆಯಲ್ಲಿ ಅರ್ಧ ಒಡೆಯನಿಗೆ. ಲೆಕ್ಕದ ಪುಸ್ತಕವೂ ಅನೇಕ ವೇಳೆ ಅವನ ಕೈಯಲ್ಲೇ. ವರ್ಷದ ಕೊನೆಗೆ ರೈತ ಸಾಲಗಾರನಾಗಿಯೇ ಉಳಿಯುತ್ತಿದ್ದ. 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡುವಾಗ 'ಅಪರಾಧಕ್ಕೆ ಶಿಕ್ಷೆಯಾಗಿ ಹೊರತು' ಎಂದು ಒಂದು ಕಿಂಡಿ ಬಿಟ್ಟಿತ್ತು. ಕೆಲಸವಿಲ್ಲದೆ ತಿರುಗುವುದನ್ನೇ ಅಪರಾಧ ಮಾಡಿ, ಹಿಡಿದ ಕೈದಿಗಳನ್ನು ಗಣಿ, ತೋಟ, ರೈಲು ರಸ್ತೆಗಳಿಗೆ ಬಾಡಿಗೆಗೆ ಕೊಡುವ ದಂಧೆ ಆ ಕಿಂಡಿಯಿಂದಲೇ ನುಗ್ಗಿತು.

ಮುಖವಾಡದ ಕು ಕ್ಲುಕ್ಸ್ ಕ್ಲಾನ್ ರಾತ್ರಿ ಹೊತ್ತು ಮನೆಗಳಿಗೆ ನುಗ್ಗಿತು. ಶಾಲೆ, ಚರ್ಚುಗಳನ್ನು ಸುಟ್ಟಿತು. 1873ರ ಏಪ್ರಿಲ್ 13ರಂದು, ಪುನರುತ್ಥಾನದ ಭಾನುವಾರ, ಲೂಸಿಯಾನಾದ ಕೋಲ್‌ಫ್ಯಾಕ್ಸ್ ಊರಿನ ನ್ಯಾಯಾಲಯದ ಕಟ್ಟಡವನ್ನು ಕಾಯುತ್ತಿದ್ದ ಕಪ್ಪು ಜನರನ್ನು ಬಿಳಿಯರ ಸಶಸ್ತ್ರ ಗುಂಪು ಕೊಂದುಹಾಕಿತು. ಶರಣಾದ ಮೇಲೂ ಕೊಂದಿತು. ಸತ್ತವರು ಅರವತ್ತರಿಂದ ನೂರೈವತ್ತರವರೆಗೆ ಎಂದು ಅಂದಾಜು. ಸರ್ವೋಚ್ಚ ನ್ಯಾಯಾಲಯ 1876ರಲ್ಲಿ ಆರೋಪಿಗಳ ಶಿಕ್ಷೆಯನ್ನು ತಳ್ಳಿಹಾಕಿತು.

ಉತ್ತರದ ಜನರೂ ದಣಿದಿದ್ದರು. ವಿವಾದಕ್ಕೊಳಗಾದ ಅಧ್ಯಕ್ಷ ಚುನಾವಣೆಯ ಗಂಟನ್ನು ಬಿಡಿಸುವಾಗ, 1877ರಲ್ಲಿ, ದಕ್ಷಿಣದ ಕೊನೆಯ ಸರ್ಕಾರಗಳನ್ನು ಕಾಯುತ್ತಿದ್ದ ಕೇಂದ್ರ ಸೇನೆಯನ್ನು ಬಿಡಾರಗಳಿಗೆ ಹಿಂದೆಗೆಯಲಾಯಿತು. ಬಳಿಕ ಒಂದೊಂದೇ ರಾಜ್ಯ ಮತದ ಹಕ್ಕನ್ನು ತೆರಿಗೆ, ಓದುಬರಹದ ಪರೀಕ್ಷೆ ಎಂಬ ಹೆಸರಿನಲ್ಲಿ ಕಿತ್ತುಕೊಂಡಿತು. ಲೂಸಿಯಾನಾದಲ್ಲಿ 1896ರಲ್ಲಿ 1,30,334 ಮಂದಿ ಕಪ್ಪು ಮತದಾರರಿದ್ದರು. 1904ರಲ್ಲಿ ಉಳಿದವರು 1,342.

1913ರಲ್ಲಿ ಗೆಟಿಸ್‌ಬರ್ಗ್ ಕದನದ ಐವತ್ತನೆಯ ವರ್ಷಾಚರಣೆಗೆ ಎರಡೂ ಸೈನ್ಯಗಳ ಐವತ್ತು ಸಾವಿರಕ್ಕೂ ಹೆಚ್ಚು ಮುದಿ ಸೈನಿಕರು ಸೇರಿ, ಒಂದು ಕಾಲದಲ್ಲಿ ಪರಸ್ಪರ ಗುಂಡು ಹಾರಿಸಿದ್ದ ಕಲ್ಲಿನ ಗೋಡೆಯ ಮೇಲೆ ಕೈಕುಲುಕಿದರು. ಮನಸ್ಸು ಕರಗಿಸುವ ದೃಶ್ಯ. ಆದರೆ ಯಾರ ಬಿಡುಗಡೆಗಾಗಿ ಅಷ್ಟು ರಕ್ತ ಹರಿದಿತ್ತೋ ಅವರಿಗೆ ಆ ಹಬ್ಬದಲ್ಲಿ ಸ್ಥಾನವಿರಲಿಲ್ಲ. ಜಗಳವಾಡಿದ ಅಣ್ಣತಮ್ಮಂದಿರು ರಾಜಿಯಾದರು. ಅನ್ಯಾಯಕ್ಕೊಳಗಾದವನು ಹೊಸ್ತಿಲಾಚೆಯೇ ನಿಂತಿದ್ದ. 1860ರ ದಶಕದ ತಿದ್ದುಪಡಿಗಳಿಗೆ ಮತ್ತೆ ಜೀವ ಬರಲು 1964 ಮತ್ತು 1965ರ ನಾಗರಿಕ ಹಕ್ಕು, ಮತದಾನದ ಹಕ್ಕುಗಳ ಕಾನೂನುಗಳವರೆಗೆ ಕಾಯಬೇಕಾಯಿತು.

ಒಬ್ಬ ತಾಯಿಯ ಮಗ

1862ರಲ್ಲಿ ಮಿಸೌರಿ ರಾಜ್ಯದ ಮಾರ್ತಾ ಜೇನ್ ಟೋಲ್ಟನ್ ಎಂಬ ಗುಲಾಮ ತಾಯಿ ತನ್ನ ಮೂವರು ಮಕ್ಕಳೊಡನೆ ಮಿಸಿಸಿಪ್ಪಿ ನದಿ ದಾಟಿ ಇಲಿನಾಯ್ ರಾಜ್ಯದ ಕ್ವಿನ್ಸಿ ಊರಿಗೆ ಬಂದಳು. ಆ ಮಕ್ಕಳಲ್ಲಿ ಎಂಟು ವರ್ಷದ ಅಗಸ್ಟಸ್ ಒಬ್ಬ. ಕಥೋಲಿಕ ಶಾಲೆಗೆ ಸೇರಿಸಿದರೆ ಬಿಳಿಯ ಪಾಲಕರ ವಿರೋಧದಿಂದ ಬಿಡಬೇಕಾಯಿತು. ಮುಂದೆ ಪೀಟರ್ ಮೆಕ್‌ಗಿರ್ ಎಂಬ ಐರಿಷ್ ಗುರುಗಳು ಯಾರ ಮಾತಿಗೂ ಬಗ್ಗದೆ ತಮ್ಮ ಶಾಲೆಯಲ್ಲಿ ಜಾಗ ಕೊಟ್ಟರು. ಹುಡುಗನಿಗೆ ಗುರುವಾಗುವ ದೈವಕರೆ. ಆದರೆ ಅಮೆರಿಕದ ಒಂದು ಗುರುಮಠವೂ ಬಾಗಿಲು ತೆರೆಯಲಿಲ್ಲ. 1880ರಲ್ಲಿ ಆತ ರೋಮಿಗೆ ಹೋಗಿ, 1886ರ ಏಪ್ರಿಲ್ 24ರಂದು ಗುರುದೀಕ್ಷೆ ಪಡೆದು, ಮರುದಿನ ಪುನರುತ್ಥಾನದ ಹಬ್ಬದಂದು ಸಂತ ಪೇತ್ರರ ದೇವಾಲಯದಲ್ಲಿ ಪ್ರಥಮ ಬಲಿಪೂಜೆ ಅರ್ಪಿಸಿದರು. ಆಫ್ರಿಕಕ್ಕೆ ಹೋಗುತ್ತೇನೆಂದುಕೊಂಡಿದ್ದ ಅವರನ್ನು ಧರ್ಮಸಭೆ ತಿರಸ್ಕರಿಸಿದ ಊರಿಗೇ ಮರಳಿ ಕಳುಹಿಸಿತು. ಷಿಕಾಗೋದ ಬಡ ಕಪ್ಪು ಜನರ ನಡುವೆ ದುಡಿದು, 1897ರ ಜುಲೈ 9ರಂದು ಬಿಸಿಲಿನ ಬೇಗೆಗೆ ಕುಸಿದು ತೀರಿಕೊಂಡಾಗ ಅವರಿಗೆ 43 ವರ್ಷ. 2019ರಲ್ಲಿ ಧರ್ಮಸಭೆ ಅವರನ್ನು 'ಪೂಜ್ಯ'ರೆಂದು ಘೋಷಿಸಿತು. ಬಾಗಿಲು ಮುಚ್ಚಿದ ಸಭೆಯನ್ನು ಬಿಟ್ಟುಹೋಗದೆ ಅದನ್ನೇ ಪ್ರೀತಿಸಿದರಲ್ಲ, ಅದು ಅವರ ಹಿರಿಮೆ. ಅಂಥ ಹಿರಿಮೆ ಬೇಕಾಗುವಂತೆ ಮಾಡಿದ್ದು ನಮ್ಮ ಕಿರಿತನ.

ಮರುಪಾವತಿ

ಧರ್ಮೋಪದೇಶದ ತರಗತಿಯಲ್ಲಿ ನಾವು ಕಲಿತದ್ದನ್ನು ನೆನಪಿಸಿಕೊಳ್ಳೋಣ. ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ: ಮೂರೂ ಬೇಕು. ನೆರೆಯವನ ಮೇಕೆಯನ್ನು ಕದ್ದವನು ಕಣ್ಣೀರಿಟ್ಟು ತಪ್ಪೊಪ್ಪಿಕೊಂಡು ಮನೆಗೆ ಹೋಗಿ ಅದೇ ಮೇಕೆಯ ಹಾಲು ಕರೆದರೆ? ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಾಗ ಬರೀ ದುಃಖಪಡಲಿಲ್ಲ. ಮೋಸಮಾಡಿ ತೆಗೆದುಕೊಂಡದ್ದನ್ನು ನಾಲ್ಕುಪಟ್ಟು ಹಿಂತಿರುಗಿಸುತ್ತೇನೆಂದ. ರಕ್ಷಣೆ ಆ ಮನೆಗೆ ಬಂದಿತೆಂದು ಸ್ವಾಮಿ ಹೇಳಿದ್ದು ಆಮೇಲೆ.

ಅಮೆರಿಕದಲ್ಲಿ ಆದದ್ದನ್ನು ನೋಡಿ. 1862ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗುಲಾಮರನ್ನು ಬಿಡಿಸಿದಾಗ ಸರ್ಕಾರ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು. ಯಾರಿಗೆ? ಒಡೆಯರಿಗೆ! ದುಡಿದವರಿಗೆ ದುಡಿಮೆಯ ಬೆಲೆ ಬರಲಿಲ್ಲ.

ತಡವಾಗಿಯಾದರೂ ಸರಿಪಡಿಸಲು ಹೊರಟ ಉದಾಹರಣೆಯೂ ಇದೆ. 2017ರ ಏಪ್ರಿಲ್‌ನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ, ಅಂದು ಮಾರಾಟವಾದವರ ಸಂತತಿಯವರ ಮುಂದೆ ಯೇಸುಸಭೆಯ ಗುರುಗಳು ಕ್ಷಮೆ ಬೇಡಿದರು. ಮಾರಾಟ ಮಾಡಿದ ಗುರುಗಳ ಹೆಸರಿದ್ದ ಕಟ್ಟಡಕ್ಕೆ, ಮಾರಾಟದ ಪಟ್ಟಿಯಲ್ಲಿ ಮೊದಲನೆಯವನಾಗಿದ್ದ ಐಸಾಕನ ಹೆಸರಿಟ್ಟರು. 2021ರಲ್ಲಿ ಆ ಸಂತತಿಯವರೊಡನೆ ಸೇರಿ ಒಂದು ಪ್ರತಿಷ್ಠಾನ ಸ್ಥಾಪಿಸಿ ಹತ್ತು ಕೋಟಿ ಡಾಲರ್ ಕೂಡಿಸುವುದಾಗಿ ಮಾತುಕೊಟ್ಟರು. ಇದು ಸಾಕೇ, ಕೊಟ್ಟ ಮಾತು ನಡೆಯುತ್ತದೆಯೇ ಎಂದು ಕೇಳುವ ಹಕ್ಕು ಆ ಸಂತತಿಗಿದೆ. ಆದರೆ ಹೆಸರು ಹಿಡಿದು ತಪ್ಪೊಪ್ಪಿಕೊಳ್ಳುವುದು, ಅನ್ಯಾಯವಾದವರ ಜೊತೆ ಕುಳಿತು ಲೆಕ್ಕ ಮಾಡುವುದು, ಇದೇ ಸರಿಯಾದ ದಾರಿ.

ಇದೆಲ್ಲ ದೂರದ ಕಥೆ ಎನ್ನಬೇಡಿ. ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ನಮ್ಮೊಡನೆ ಬಲಿಪೂಜೆಗೆ ಮೊಣಕಾಲೂರುವ ಸಿದ್ದಿ ಸಹೋದರರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರು. ಅವರನ್ನು ಕೊಂಡವರಲ್ಲೂ ಮಾರಿದವರಲ್ಲೂ ಶಿಲುಬೆಯ ಗುರುತು ಹಾಕುತ್ತಿದ್ದವರು ಇದ್ದರು.

ಮುಂದಿನ ಸಲ ಪಾಪನಿವೇದನೆಗೆ ಬರುವಾಗ 'ಏನು ತಪ್ಪು ಮಾಡಿದೆ' ಎಂಬ ಪ್ರಶ್ನೆಯೊಡನೆ 'ಯಾರದ್ದು ನನ್ನ ಬಳಿ ಉಳಿದಿದೆ' ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ತಮ್ಮನಿಗೆ ಸೇರಬೇಕಾದ ಗದ್ದೆ, ಕೆಲಸದವಳಿಗೆ ಕೊಡದೆ ಉಳಿಸಿಕೊಂಡ ಕೂಲಿ, ಸುಳ್ಳು ಮಾತಿನಿಂದ ಕೆಡಿಸಿದ ಒಬ್ಬಳ ಹೆಸರು. ಹಿಂದಿರುಗಿಸಲು ಸಾಧ್ಯವಿರುವುದನ್ನು ಹಿಂದಿರುಗಿಸದೆ ಕ್ಷಮೆ ಬೇಡುವುದು ಎಡಿಸ್ಟೊ ದ್ವೀಪದ ಒಡೆಯನ ದಾರಿ.

ಕುಟುಂಬದಲ್ಲಿ ಚರ್ಚಿಸಿ

1. ಎಡಿಸ್ಟೊ ದ್ವೀಪದ ಜನರ ಪತ್ರಕ್ಕೆ ನೀವು ಉತ್ತರ ಬರೆಯಬೇಕಾಗಿದ್ದರೆ ಏನು ಬರೆಯುತ್ತಿದ್ದಿರಿ?

2. ಧರ್ಮಾಧ್ಯಕ್ಷ ಇಂಗ್ಲೆಂಡ್ ಅವರ ಭಯ ಮತ್ತು ಮೆಕ್‌ಗಿರ್ ಸ್ವಾಮಿಗಳ ಧೈರ್ಯ: ನಮ್ಮ ಊರಿನಲ್ಲಿ ಇಂದು ಯಾವ ವಿಷಯಗಳಲ್ಲಿ ಈ ಎರಡರ ನಡುವೆ ನಾವು ಆಯ್ದುಕೊಳ್ಳಬೇಕಾಗಿದೆ?

3. ನಮ್ಮ ಮನೆತನದಲ್ಲಿ ರಾಜಿಯಾದ ಹಳೆಯ ಜಗಳಗಳಲ್ಲಿ, ರಾಜಿಯಾಗುವಾಗ ಯಾರನ್ನಾದರೂ ಹೊಸ್ತಿಲಾಚೆ ನಿಲ್ಲಿಸಿದ್ದೇವೆಯೇ?